ಎಣಿಸುವ ಕೈಯ ಮೇಲೊಂದು ಕಣ್ಣು



ಚುನಾವಣೆಯೆಂದೊಡನೆ ಕನ್ನಡಿಗರ ಕಣ್ಣ ಮುಂದೆ ಮೊದಲು ಬರುವುದು ಎಡಗೈ ತೋರುಬೆರಳಿನ ಮೇಲಿನ ಕಪ್ಪು ಗೆರೆ. ಆ ಅಳಿಸಲಾಗದ ಶಾಯಿ ನಮ್ಮ ಮೈಸೂರಿನದು. 1937ರಲ್ಲಿ ಆರಂಭವಾದ ಅಲ್ಲಿನ ಬಣ್ಣದ ಕಾರ್ಖಾನೆಯೊಂದು 1962ರ ಮಹಾಚುನಾವಣೆಯಿಂದ ಈ ಶಾಯಿಯನ್ನು ಒದಗಿಸುತ್ತ ಬಂದಿದೆ. ಅನೇಕ ಹೊರದೇಶಗಳಿಗೂ ಅದು ಹೋಗುತ್ತದೆ. ಒಬ್ಬ ಮತದಾರ ಎರಡು ಬಾರಿ ಮತ ಹಾಕದಂತೆ ಕಾಯುವುದು ಅದರ ಕೆಲಸ. ಆದರೆ ಮತ ಎಣಿಸುವವನ ಬೆರಳಿಗೆ ಹಚ್ಚಬಲ್ಲ ಶಾಯಿಯನ್ನು ಇದುವರೆಗೆ ಯಾರೂ ತಯಾರಿಸಿಲ್ಲ.

1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ಕರಗಿ ಹದಿನೈದು ದೇಶಗಳಾದ ಮೇಲೆ, ಅವುಗಳಲ್ಲಿ ಹಲವು ದೇಶಗಳ ಬೀದಿಗಳಲ್ಲಿ ಮತ್ತೆ ಮತ್ತೆ ಎದ್ದ ಪ್ರಶ್ನೆ ಇದೇ. ನಮ್ಮ ಸಂಘದ ಕೂಟಗಳಲ್ಲಿ ಊಟದ ಸಾಲು ಮುಗಿದು ಕಾಫಿಗೆ ಕುಳಿತಾಗ ತ್ಬಿಲಿಸಿಯ ಅಥವಾ ಮಿನ್ಸ್ಕ್‌ನ ಸುದ್ದಿ ಬಂದರೆ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಇವೆಲ್ಲ ಪಾಶ್ಚಾತ್ಯರು ದುಡ್ಡು ಕೊಟ್ಟು ಆಡಿಸುವ ಬೊಂಬೆಯಾಟ ಎನ್ನುವುದು ಒಂದು. ಲಕ್ಷ ಜನ ಬೀದಿಗಿಳಿದರೆಂದರೆ ಸತ್ಯ ಅವರ ಕಡೆಗೇ ಇರಬೇಕು ಎನ್ನುವುದು ಇನ್ನೊಂದು. ಈ ಎರಡೂ ಮಾತುಗಳು ಮುಖ್ಯವಾದ ವಿಷಯವನ್ನು ಬದಿಗೆ ಸರಿಸುತ್ತವೆ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ನಡೆದ ಜಗಳದ ಮೂಲ ಒಂದು ಹಾಳೆ: ಮತಗಟ್ಟೆಯಲ್ಲಿ ಎಣಿಕೆ ಮುಗಿದ ಮೇಲೆ ಬರೆದು, ರುಜು ಹಾಕಿ, ಬಾಗಿಲಿಗೆ ಅಂಟಿಸಬೇಕಾದ ಎಣಿಕೆಯ ತಖ್ತೆ. ಆ ಹಾಳೆಯನ್ನು ಸ್ವತಂತ್ರವಾಗಿ ಪರೀಕ್ಷಿಸಬಲ್ಲ ಇನ್ನೊಬ್ಬ ಇದ್ದಲ್ಲಿ ಪ್ರಜಾಪ್ರಭುತ್ವ ಉಸಿರಾಡಿತು. ಇಲ್ಲದಲ್ಲಿ ಜನಸಾಗರವೂ ಸೋತಿತು.

ಮೊದಲು ಬೆಲಾರುಸ್ ದೇಶವನ್ನು ನೋಡೋಣ. 1994ರಿಂದ ಅಧಿಕಾರದಲ್ಲಿರುವ ಅಲೆಕ್ಸಾಂಡರ್ ಲುಕಾಶೆಂಕೊ ಅವರು 2020ರಲ್ಲಿ ಮತ್ತೊಮ್ಮೆ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಅಂಕಿಗಳ ಮೇಲಿನ ಅಪನಂಬಿಕೆ ಅಲ್ಲಿ ಮೊಳೆತದ್ದು ಚುನಾವಣೆಗೆ ಮೊದಲೇ, ನನ್ನ ವೃತ್ತಿಯ ಆವರಣದಲ್ಲಿ. ಆ ವರ್ಷದ ವಸಂತದಲ್ಲಿ ಕೊರೊನಾ ಹಬ್ಬುತ್ತಿದ್ದಾಗ ಅವರು ಜನರ ಭಯವನ್ನು ಮನೋವಿಕಾರವೆಂದು ಕರೆದರು. ವೋಡ್ಕಾ, ಉಗಿಸ್ನಾನ, ಹೊಲದ ಟ್ರ್ಯಾಕ್ಟರುಗಳನ್ನು ಮದ್ದಾಗಿ ಸೂಚಿಸಿದರು. ಮೇ 9ರ ವಿಜಯ ದಿನದ ಸೇನಾ ಕವಾಯತು ಮಿನ್ಸ್ಕ್‌ನಲ್ಲಿ ಎಂದಿನಂತೆಯೇ ನಡೆಯಿತು. ಆಸ್ಪತ್ರೆಗಳಿಗೆ ಬೇಕಾದ ಮುಖಗವಸು, ಕೈಗವಸುಗಳಿಗಾಗಿ ಸಾಮಾನ್ಯ ನಾಗರಿಕರು ಚಂದಾ ಎತ್ತಬೇಕಾಯಿತು. ಸುತ್ತಮುತ್ತ ಕಣ್ಣಾರೆ ಕಂಡ ಕಾಯಿಲೆಗೂ ಸರಕಾರದ ಲೆಕ್ಕಕ್ಕೂ ತಾಳೆಯಾಗದಿದ್ದಾಗ, ರೋಗಿಗಳನ್ನು ಸರಿಯಾಗಿ ಎಣಿಸದವರು ಮತಗಳನ್ನು ಎಣಿಸುವರೆ ಎಂಬ ಸಂಶಯ ಹುಟ್ಟುವುದು ಸಹಜವಲ್ಲವೆ?

ಪ್ರಮುಖ ಪ್ರತಿಸ್ಪರ್ಧಿಗಳು ಬಂಧಿತರಾದರು ಅಥವಾ ಸ್ಪರ್ಧೆಗೆ ಅನುಮತಿ ಪಡೆಯಲಿಲ್ಲ. ಬಂಧಿತರಲ್ಲೊಬ್ಬರಾದ ಸೆರ್ಗೆಯ್ ಟಿಖನೋವ್‌ಸ್ಕಿ ಅವರ ಪತ್ನಿ ಸ್ವೆಟ್ಲಾನಾ ಟಿಖನೋವ್‌ಸ್ಕಾಯಾ ಗಂಡನ ಬದಲಿಗೆ ಕಣಕ್ಕಿಳಿದರು. ರಾಜಕೀಯದ ಅನುಭವವಿಲ್ಲದ ಆ ಗೃಹಿಣಿ ಕೇಳಿದ್ದು ಬಹಳ ಸರಳವಾದ ಸಂಗತಿ: ರಾಜಕೀಯ ಕೈದಿಗಳ ಬಿಡುಗಡೆ ಮತ್ತು ಪ್ರಾಮಾಣಿಕವಾದ ಮರುಚುನಾವಣೆ. ಆಗಸ್ಟ್ 9ರಂದು ಮತದಾನ ಮುಗಿಯಿತು. ಲುಕಾಶೆಂಕೊ ಅವರಿಗೆ ಶೇ. 80.1, ಟಿಖನೋವ್‌ಸ್ಕಾಯಾ ಅವರಿಗೆ ಶೇ. 10.1 ಎಂದು ಅಧಿಕೃತ ಘೋಷಣೆ ಬಂದಿತು. ಅದಕ್ಕೆ ಮೊದಲಿನ ಐದು ದಿನಗಳ ಮುಂಗಡ ಮತದಾನದಲ್ಲಿಯೇ ಶೇ. 41ಕ್ಕಿಂತ ಹೆಚ್ಚು ಮತ ಬಿದ್ದಿತೆಂದು ಆಯೋಗ ಹೇಳಿತ್ತು. ಸ್ವತಂತ್ರ ವೀಕ್ಷಕರಲ್ಲಿ ಅನೇಕರನ್ನು ಮತಗಟ್ಟೆಯ ಒಳಗೆ ಬಿಡಲಿಲ್ಲ. ಅವರು ಕಿಟಕಿಯಾಚೆ ನಿಂತು ಒಳಗೆ ಹೋಗಿಬರುವವರ ತಲೆ ಎಣಿಸಿದರು.

ಜನರು ಇದಕ್ಕೆ ಸಿದ್ಧರಾಗಿದ್ದರು. ಮಣಿಕಟ್ಟಿಗೆ ಬಿಳಿಯ ಪಟ್ಟಿ ಕಟ್ಟಿಕೊಂಡು ಬಂದರು. ಮತಪತ್ರವನ್ನು ಪೆಟ್ಟಿಗೆಯಲ್ಲಿ ಬೇರೆಯಾಗಿ ಗುರುತಿಸುವಂತೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಚಿದರು. ಹಾಕುವ ಮೊದಲು ಅದರ ಛಾಯಾಚಿತ್ರ ತೆಗೆದು ‘ಗೋಲೋಸ್’ ಎಂಬ ನಾಗರಿಕ ವೇದಿಕೆಗೆ ಕಳಿಸಿದರು. ಗೋಲೋಸ್ ಎಂದರೆ ರಷ್ಯನ್ ಭಾಷೆಯಲ್ಲಿ ದನಿಯೂ ಹೌದು, ಮತವೂ ಹೌದು; ನಮ್ಮ ‘ಮತ’ ಎಂಬ ಪದ ಅಭಿಪ್ರಾಯವನ್ನೂ ಓಟನ್ನೂ ಒಟ್ಟಿಗೆ ಸೂಚಿಸುವಂತೆಯೇ. ಸುಮಾರು 5,700 ಮತಗಟ್ಟೆಗಳ ಪೈಕಿ 1,300ರಷ್ಟು ಮತಗಟ್ಟೆಗಳ ತಖ್ತೆಯ ಚಿತ್ರಗಳು ಸ್ವಯಂಸೇವಕರ ಕೈಸೇರಿದವು. ಅಷ್ಟರಲ್ಲಿಯೇ ಟಿಖನೋವ್‌ಸ್ಕಾಯಾ ಅವರ ಮತಗಳು 4 ಲಕ್ಷ 70 ಸಾವಿರವನ್ನು ದಾಟಿದ್ದವು. ಇಡೀ ದೇಶದಲ್ಲಿ ಅವರಿಗೆ ಬಂದುದಾಗಿ ಆಯೋಗ ಹೇಳಿದ ಮತಗಳು 5 ಲಕ್ಷ 88 ಸಾವಿರ. ಉಳಿದ ಮುಕ್ಕಾಲು ಪಾಲಿಗಿಂತ ಹೆಚ್ಚಿನ ಮತಗಟ್ಟೆಗಳಲ್ಲಿ ಅವರಿಗೆ ಒಂದೂಕಾಲು ಲಕ್ಷದಷ್ಟೂ ಮತ ಬೀಳಲಿಲ್ಲವೆಂದು ನಂಬುವುದು ಹೇಗೆ? ಲೆಕ್ಕ ಬಲ್ಲ ಯಾವ ಹೈಸ್ಕೂಲು ಮಗುವೂ ಕೇಳಬಹುದಾದ ಪ್ರಶ್ನೆ ಇದು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅಲ್ಲಿಯೂ ಮತಗಟ್ಟೆಗಳು ಹೆಚ್ಚಾಗಿ ಶಾಲೆಗಳಲ್ಲಿಯೇ ಇರುತ್ತವೆ. ಎಣಿಕೆಗೆ ಕೂರುವವರಲ್ಲಿ ಬಹಳ ಮಂದಿ ಶಾಲಾ ಶಿಕ್ಷಕರು. ಕೆಲವು ಮತಗಟ್ಟೆಗಳಲ್ಲಿ ಆ ಶಿಕ್ಷಕರು ತಾವು ಎಣಿಸಿದ್ದನ್ನೇ ಬರೆದು, ಟಿಖನೋವ್‌ಸ್ಕಾಯಾ ಮುಂದಿದ್ದಾರೆಂಬ ಹಾಳೆಯನ್ನು ಬಾಗಿಲಿಗೆ ಅಂಟಿಸಿದರು. ನೌಕರಿ, ಪಿಂಚಣಿ, ಮಕ್ಕಳ ಭವಿಷ್ಯ ಎಲ್ಲವೂ ಸರಕಾರದ ಮುಷ್ಟಿಯಲ್ಲಿರುವ ದೇಶದಲ್ಲಿ ಆ ರುಜುವಿನ ಬೆಲೆ ಏನೆಂಬುದನ್ನು ನಾವು ಊಹಿಸಿಕೊಳ್ಳಬಹುದು.

ಅನಂತರದ ಕತೆ ನಿಮಗೆ ಗೊತ್ತಿದೆ. ಸುಮಾರು ಮೂರು ದಿನ ಅಂತರ್ಜಾಲ ಸ್ಥಗಿತವಾಯಿತು. ಮೊದಲ ನಾಲ್ಕೈದು ದಿನಗಳಲ್ಲೇ ಸುಮಾರು 7,000 ಮಂದಿ ಬಂಧಿತರಾದರು. ಥಳಿಸಲ್ಪಟ್ಟ ದೇಹಗಳಿಗೆ ಚಿಕಿತ್ಸೆ ನೀಡಿದ ವೈದ್ಯರು ಬಿಳಿಯ ಕೋಟು ತೊಟ್ಟು ಆಸ್ಪತ್ರೆಗಳ ಹೊರಗೆ ಸಾಲಾಗಿ ನಿಂತರು. ನವೆಂಬರ್ 11ರಂದು ಮಿನ್ಸ್ಕ್‌ನ ಒಂದು ವಸತಿ ಅಂಗಳದಿಂದ ಮುಸುಕುಧಾರಿಗಳು ರೋಮನ್ ಬಂದರೆಂಕೊ ಎಂಬ 31ರ ಯುವಕನನ್ನು ಹೊಡೆದು ಎಳೆದೊಯ್ದರು. ಮರುದಿನ ಆತ ಆಸ್ಪತ್ರೆಯಲ್ಲಿ ಅಸುನೀಗಿದ. ಆತ ಕುಡಿದಿದ್ದನೆಂದು ಅಧಿಕಾರಿಗಳು ಬಹಿರಂಗವಾಗಿ ಹೇಳಿದರು. ತುರ್ತು ಆಸ್ಪತ್ರೆಯ ಅರಿವಳಿಕೆ ವೈದ್ಯ ಅರ್ತ್ಯೋಮ್ ಸೊರೋಕಿನ್ ಅವರು ನೀಡಿದ ದಾಖಲೆಯ ಆಧಾರದ ಮೇಲೆ ಪತ್ರಕರ್ತೆ ಕಾತ್ಸಿಯಾರಿನಾ ಬಾರಿಸೇವಿಚ್ ಬೇರೆಯೇ ಸಂಗತಿಯನ್ನು ಪ್ರಕಟಿಸಿದರು: ಆತನ ರಕ್ತದಲ್ಲಿ ಮದ್ಯಸಾರದ ಪ್ರಮಾಣ ಸೊನ್ನೆ. 2021ರ ಮಾರ್ಚ್ 2ರಂದು ಮುಚ್ಚಿದ ಬಾಗಿಲಿನ ನ್ಯಾಯಾಲಯ ಪತ್ರಕರ್ತೆಗೆ ಆರು ತಿಂಗಳ ಸೆರೆವಾಸವನ್ನೂ, ವೈದ್ಯರಿಗೆ ಎರಡು ವರ್ಷಗಳ ಶಿಕ್ಷೆಯನ್ನು ಅಮಾನತಿನಲ್ಲಿಟ್ಟೂ ವಿಧಿಸಿತು. ಆರೋಪ: ವೈದ್ಯಕೀಯ ಗೌಪ್ಯತೆಯ ಉಲ್ಲಂಘನೆ.

ರೋಗಿಯ ಗುಟ್ಟನ್ನು ಕಾಯುವುದು ನಮ್ಮ ವೃತ್ತಿಯ ಅಡಿಗಲ್ಲು. ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಆ ಗುಟ್ಟು ಯಾರ ಸೊತ್ತು? ಅದು ರೋಗಿಯದು, ಅವನ ಗೌರವವನ್ನು ಕಾಯಲು ಇರುವಂಥದು. ಸತ್ತವನ ರಕ್ತದ ಬಗ್ಗೆ ಮೊದಲು ಬಾಯಿಬಿಟ್ಟವರು ಅಧಿಕಾರಿಗಳು. ಅದೂ ಅವನ ಮರ್ಯಾದೆಯನ್ನು ಕಳೆಯುವ ಹಾಗೆ. ಸುಳ್ಳನ್ನು ಸಾರಲು ಇಲ್ಲದ ಗೌಪ್ಯತೆ ಸತ್ಯವನ್ನು ಹೇಳಲು ಮಾತ್ರ ಅಡ್ಡಬರುವುದಾದರೆ, ಅದು ರೋಗಿಯ ರಕ್ಷಣೆಯಲ್ಲ, ಸರಕಾರದ ರಕ್ಷಣೆ. ಮತಗಟ್ಟೆಯ ಶಿಕ್ಷಕಿ ಮತ್ತು ಆ ವೈದ್ಯ ಮಾಡಿದ್ದು ಒಂದೇ ಕೆಲಸ: ಕಂಡ ಅಂಕಿಯನ್ನು ಕಂಡಂತೆ ಬರೆದರು.

ಬೆಲಾರುಸ್‌ನಲ್ಲಿ ಈ ಪ್ರಾಮಾಣಿಕ ಹಾಳೆಗಳಿಗೆ ಹೋಗಲು ಸ್ಥಳವಿರಲಿಲ್ಲ. ಅವನ್ನು ಕೈಗೆತ್ತಿಕೊಂಡು ಪರಿಶೀಲಿಸುವ ಸ್ವತಂತ್ರ ನ್ಯಾಯಾಲಯವಾಗಲಿ ಸಂಸತ್ತಾಗಲಿ ಅಲ್ಲಿರಲಿಲ್ಲ. ಸೆಪ್ಟೆಂಬರ್ 23ರಂದು ಲುಕಾಶೆಂಕೊ ಅವರು ಮುನ್ಸೂಚನೆಯಿಲ್ಲದೆ ಪ್ರಮಾಣವಚನ ಸ್ವೀಕರಿಸಿದರು. ಹದಿನಾರು ವರ್ಷ ಮೊದಲು ನೆರೆಯ ಉಕ್ರೇನಿನಲ್ಲಿ ಇದೇ ಬಗೆಯ ಕತೆ ಬೇರೆ ದಾರಿ ಹಿಡಿದಿತ್ತು. ಏಕೆಂದರೆ ಅಲ್ಲಿ ಹಾಳೆಯನ್ನು ಓದಬಲ್ಲ ಎರಡನೆಯ ಕಣ್ಣು ಇತ್ತು.

2004ರ ನವೆಂಬರ್ 21ರಂದು ಉಕ್ರೇನಿನ ಅಧ್ಯಕ್ಷ ಚುನಾವಣೆಯ ಎರಡನೆಯ ಸುತ್ತು. ವಿರೋಧಿ ಅಭ್ಯರ್ಥಿ ವಿಕ್ಟರ್ ಯುಶ್ಚೆಂಕೊ ಅವರ ಮುಖ ಕೆಲವೇ ವಾರಗಳಲ್ಲಿ ಗುರುತು ಸಿಗದಷ್ಟು ವಿಕಾರಗೊಂಡಿತ್ತು. ಡಿಯಾಕ್ಸಿನ್ ವಿಷವೇ ಅದಕ್ಕೆ ಕಾರಣವೆಂದು ವಿಯೆನ್ನಾದ ವೈದ್ಯರು ಡಿಸೆಂಬರಿನಲ್ಲಿ ಖಚಿತಪಡಿಸಿದರು. ಮತಗಟ್ಟೆಯಿಂದ ಹೊರಬಂದವರ ಸಮೀಕ್ಷೆ ಯುಶ್ಚೆಂಕೊ ಮುಂದಿದ್ದಾರೆಂದಿತು. ಆಯೋಗ ವಿಕ್ಟರ್ ಯಾನುಕೋವಿಚ್ ಗೆದ್ದರೆಂದಿತು. ಕೀವ್ ನಗರದ ಸ್ವಾತಂತ್ರ್ಯ ಚೌಕ ಕಿತ್ತಳೆ ಬಣ್ಣದಿಂದ ತುಂಬಿತು. ನವೆಂಬರ್ 25ರಂದು ಸರಕಾರಿ ದೂರದರ್ಶನದಲ್ಲಿ ಆಯೋಗದ ಫಲಿತಾಂಶ ಓದುತ್ತಿರುವಾಗ, ಪರದೆಯ ಮೂಲೆಯಲ್ಲಿದ್ದ ಸಂಜ್ಞಾಭಾಷೆಯ ಅನುವಾದಕಿ ನತಾಲಿಯಾ ದ್ಮಿತ್ರುಕ್ ಅವರು ಅದನ್ನು ಅನುವಾದಿಸದೆ, ಈ ಫಲಿತಾಂಶ ಸುಳ್ಳು, ನಂಬಬೇಡಿ ಎಂದು ಕಿವುಡ ವೀಕ್ಷಕರಿಗೆ ಕೈಸನ್ನೆಯಲ್ಲಿ ತಿಳಿಸಿದರು. ಅವರ ತಂದೆತಾಯಿ ಕಿವುಡರು. ತನ್ನ ಕೈಯನ್ನೇ ನಂಬಿದ ಜನಕ್ಕೆ ಸುಳ್ಳು ಹೇಳಲು ಆಕೆಗೆ ಮನಸ್ಸು ಬರಲಿಲ್ಲ.

ಇಷ್ಟಾದರೂ ಕಡೆಗೆ ನಿರ್ಣಯವಾದದ್ದು ಚೌಕದಲ್ಲಲ್ಲ. ಡಿಸೆಂಬರ್ 3ರಂದು ಉಕ್ರೇನಿನದೇ ಸರ್ವೋಚ್ಚ ನ್ಯಾಯಾಲಯ ಸಾಕ್ಷ್ಯಗಳನ್ನು ಆಲಿಸಿ ಫಲಿತಾಂಶವನ್ನು ರದ್ದುಪಡಿಸಿತು. ಸಾವಿರಾರು ವೀಕ್ಷಕರ ಮುಂದೆ ಡಿಸೆಂಬರ್ 26ರಂದು ಮರುಮತದಾನ ನಡೆದು ಯುಶ್ಚೆಂಕೊ ಸುಮಾರು ಶೇ. 52 ಮತಗಳಿಂದ ಗೆದ್ದರು. ಬೀದಿ ನ್ಯಾಯಾಲಯಕ್ಕೆ ಧೈರ್ಯ ಕೊಟ್ಟಿತು. ತೀರ್ಪನ್ನು ನ್ಯಾಯಾಲಯ ಕೊಟ್ಟಿತು.

ಇಲ್ಲಿ ‘ವಿದೇಶಿ ಕೈವಾಡ’ದ ಮಾತಿಗೆ ಉತ್ತರ ಹೇಳಬೇಕು. ಆ ದೇಶಗಳ ಕೆಲವು ನಾಗರಿಕ ಸಂಸ್ಥೆಗಳಿಗೆ ಅಮೆರಿಕ ಮತ್ತು ಯೂರೋಪಿನ ನೆರವು ಬಂದದ್ದು ನಿಜ. ರಷ್ಯಾದ ಅಧ್ಯಕ್ಷ ಪುಟಿನ್ ಅವರು ಅಂತಿಮ ಫಲಿತಾಂಶಕ್ಕೂ ಮೊದಲೇ ಯಾನುಕೋವಿಚ್ ಅವರನ್ನು ಅಭಿನಂದಿಸಿದ್ದೂ ನಿಜ. ಕೈ ಎರಡೂ ಕಡೆ ಇತ್ತು. ಆದರೆ ಜ್ವರ ಬಂದಾಗ ಉಷ್ಣಮಾಪಕವನ್ನು ಯಾರ ದುಡ್ಡಿನಲ್ಲಿ ಕೊಂಡದ್ದೆಂದು ವಿಚಾರಿಸಿದರೆ ಜ್ವರ ಇಳಿಯುವುದಿಲ್ಲ. ಸಂಶಯವಿದ್ದರೆ ಇನ್ನೊಂದು ಮಾಪಕವಿಟ್ಟು ನೋಡಬೇಕು. ಉಕ್ರೇನಿನಲ್ಲಿ ಕಾಲವೇ ಅಂಥ ಪರೀಕ್ಷೆಯನ್ನು ನಡೆಸಿತು. 2010ರಲ್ಲಿ ಅದೇ ಯಾನುಕೋವಿಚ್ ಮತ್ತೆ ಸ್ಪರ್ಧಿಸಿ ಯೂಲಿಯಾ ಟಿಮೊಶೆಂಕೊ ಅವರನ್ನು ಸೋಲಿಸಿದರು. 2004ರ ಎಣಿಕೆಯನ್ನು ಖಂಡಿಸಿದ್ದ ಯೂರೋಪಿನ ವೀಕ್ಷಕರೇ ಈ ಬಾರಿ ಚುನಾವಣೆ ಪ್ರಾಮಾಣಿಕವಾಗಿತ್ತೆಂದು ಹೇಳಿದರು. 2014ರಲ್ಲಿ ಅವರು ಅಧಿಕಾರ ಕಳೆದುಕೊಂಡ ಕತೆ ಬೇರೆ. ಅದರ ಮೂಲದಲ್ಲಿ ಮತ ಎಣಿಕೆಯ ಜಗಳವಿರಲಿಲ್ಲ. ಒಂದು ಮಾಪಕ ಒಬ್ಬನ ವಿರುದ್ಧವೂ, ಮುಂದೆ ಅವನ ಪರವಾಗಿಯೂ ನುಡಿಯಿತೆಂದರೆ ಅದನ್ನು ನಂಬಲು ಕಾರಣವಿದೆ.

ಇನ್ನು ಜನಸಂದಣಿಯೇ ಸತ್ಯವೆಂಬ ಮಾತು. ಕಿರ್ಗಿಸ್ತಾನ ನಮಗೆ ತೀರ ಅಪರಿಚಿತವಲ್ಲ. ಭಾರತದ ಸಾವಿರಾರು ವಿದ್ಯಾರ್ಥಿಗಳು ಎಂ.ಬಿ.ಬಿ.ಎಸ್. ಓದಲು ಬಿಷ್ಕೆಕ್‌ಗೆ ಹೋಗುತ್ತಾರೆ. ಅಲ್ಲಿ 2005, 2010 ಮತ್ತು 2020ರಲ್ಲಿ ಮೂವರು ಅಧ್ಯಕ್ಷರು ಬೀದಿಯ ಕ್ರೋಧಕ್ಕೆ ಸಿಲುಕಿ ಇಳಿದರು. 2020ರ ಅಕ್ಟೋಬರ್ 4ರ ಸಂಸತ್ ಚುನಾವಣೆಯ ಫಲಿತಾಂಶ ಎರಡೇ ದಿನಗಳಲ್ಲಿ ರದ್ದಾಯಿತು. ಸೆರೆಯಲ್ಲಿದ್ದ ಸದಿರ್ ಜಪಾರೊವ್ ಬೆಂಬಲಿಗರಿಂದ ಬಿಡುಗಡೆ ಹೊಂದಿ, ಕೆಲವೇ ತಿಂಗಳಲ್ಲಿ ಅಧ್ಯಕ್ಷರಾಗಿ ಆಯ್ಕೆಯಾಗಿ, ಅಧಿಕಾರವನ್ನು ಅಧ್ಯಕ್ಷ ಪದವಿಯಲ್ಲೇ ಇನ್ನಷ್ಟು ಕ್ರೋಡೀಕರಿಸಿದರು. ಆಳುವವರನ್ನು ಇಳಿಸುವ ಶಕ್ತಿ ಜನರಿಗಿತ್ತು. ಆಳುವವರನ್ನು ಪ್ರಶ್ನಿಸುತ್ತ ನಿಲ್ಲುವ ಸಂಸ್ಥೆಗಳು ಮಾತ್ರ ಬೆಳೆಯಲಿಲ್ಲ. ಜ್ವರ ಇಳಿಸುವ ಮಾತ್ರೆ ಕೊಟ್ಟು ಸೋಂಕನ್ನು ಹಾಗೆಯೇ ಬಿಟ್ಟಂತೆ.

ಜಾರ್ಜಿಯಾದ ಪಾಠ ಇನ್ನೂ ಸೂಕ್ಷ್ಮವಾದುದು. 2003ರ ನವೆಂಬರ್ 2ರ ಸಂಸತ್ ಚುನಾವಣೆಯಲ್ಲಿ ಸ್ವತಂತ್ರ ವೀಕ್ಷಕರು ಮತಗಟ್ಟೆಗಳಿಂದ ನೇರವಾಗಿ ಅಂಕಿ ತರಿಸಿ ಸಮಾಂತರ ಎಣಿಕೆ ನಡೆಸಿದರು. ಅದು ಅಧಿಕೃತ ಫಲಿತಾಂಶಕ್ಕೆ ಹೊಂದಲಿಲ್ಲ. ಪ್ರತಿಭಟನಕಾರರು ಗುಲಾಬಿ ಹಿಡಿದು ಸಂಸತ್ತಿಗೆ ನುಗ್ಗಿದರು. ನವೆಂಬರ್ 23ರಂದು ಎಡುವಾರ್ಡ್ ಶೆವರ್ಡ್‌ನಾಡ್ಜೆ ರಾಜೀನಾಮೆ ನೀಡಿದರು. ಗುಲಾಬಿಯ ನಾಯಕ ಮಿಖೈಲ್ ಸಾಕಶ್‌ವಿಲಿ ಅಧ್ಯಕ್ಷರಾದರು. ನಾಲ್ಕೇ ವರ್ಷಗಳಲ್ಲಿ, 2007ರ ನವೆಂಬರಿನಲ್ಲಿ, ಅವರ ಪೊಲೀಸರೇ ಪ್ರತಿಭಟನಕಾರರನ್ನು ಹೊಡೆದು ಚದುರಿಸಿದರು. ಆದರೂ 2012ರಲ್ಲಿ ಅವರ ಪಕ್ಷ ಸೋತಾಗ ಅವರು ಸೋಲನ್ನು ಒಪ್ಪಿಕೊಂಡರು. ಹಾಗೆ ಮತದ ಮೂಲಕವೇ ಅಧಿಕಾರಕ್ಕೆ ಬಂದ ‘ಜಾರ್ಜಿಯನ್ ಡ್ರೀಮ್’ ಪಕ್ಷ 2024ರ ಮೇ ತಿಂಗಳಲ್ಲಿ, ಶೇ. 20ಕ್ಕಿಂತ ಹೆಚ್ಚು ಹಣವನ್ನು ಹೊರದೇಶದಿಂದ ಪಡೆಯುವ ಸಂಸ್ಥೆಗಳು ಪರಕೀಯರ ಹಿತಾಸಕ್ತಿಯವೆಂದು ನೋಂದಾಯಿಸಿಕೊಳ್ಳಬೇಕೆಂಬ ಕಾನೂನನ್ನು ತಂದಿತು. ಚುನಾವಣೆಯನ್ನು ಕಾಯುವ ಸಂಸ್ಥೆಗಳೂ ಅದರ ಬಲೆಗೆ ಸಿಲುಕಿದವು. ಅದೇ ವರ್ಷ ಅಕ್ಟೋಬರ್ 26ರ ಚುನಾವಣೆಯಲ್ಲಿ ಆ ಪಕ್ಷಕ್ಕೆ ಸುಮಾರು ಶೇ. 54 ಎಂಬ ಫಲಿತಾಂಶವನ್ನು ವಿರೋಧ ಪಕ್ಷಗಳೂ ಅಂದಿನ ಅಧ್ಯಕ್ಷೆ ಸಲೋಮೆ ಜುರಾಬಿಶ್‌ವಿಲಿ ಅವರೂ ಒಪ್ಪಲಿಲ್ಲ. ಯೂರೋಪ್ ಒಕ್ಕೂಟದೊಡನೆ ಸದಸ್ಯತ್ವದ ಮಾತುಕತೆಯನ್ನು 2028ರ ಕೊನೆಯವರೆಗೆ ಕೈಗೆತ್ತಿಕೊಳ್ಳುವುದಿಲ್ಲವೆಂದು ನವೆಂಬರ್ 28ರಂದು ಸರಕಾರ ಸಾರಿದ ಮೇಲೆ ತ್ಬಿಲಿಸಿಯ ರುಸ್ತಾವೆಲಿ ಬೀದಿಯಲ್ಲಿ ರಾತ್ರಿ ರಾತ್ರಿ ಜನ ಸೇರತೊಡಗಿದರು. ನ್ಯಾಯವಾದ ಎಣಿಕೆಯ ಏಣಿಯನ್ನು ಹತ್ತಿ ಬಂದವರೇ ಏಣಿಯನ್ನು ಒದೆಯಲಾರರೆಂಬ ಭರವಸೆ ಎಲ್ಲಿಯೂ ಇಲ್ಲ. ಕಾವಲು ಒಮ್ಮೆ ಗೆದ್ದು ಮುಗಿಸುವ ಕೆಲಸವಲ್ಲ. ರಕ್ತದೊತ್ತಡದಂತೆ, ಆಗಾಗ ನೋಡುತ್ತಲೇ ಇರಬೇಕಾದುದು.

ಇದರಲ್ಲಿ ನಮಗೇನು ಎಂದು ಕೇಳುವವರಿದ್ದಾರೆ. ನನ್ನ ತಂದೆಯವರು ಧಾರವಾಡ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಮಾಸ್ತರರು. ಚುನಾವಣೆ ಬಂತೆಂದರೆ ಮತಗಟ್ಟೆಯ ಕರ್ತವ್ಯಕ್ಕೆ ಹೋಗುತ್ತಿದ್ದರು. ಮತಪೆಟ್ಟಿಗೆಗೆ ಅರಗಿನ ಮುದ್ರೆ ಹಾಕಿ ಒಪ್ಪಿಸಿ ಬರುವಾಗ ಮರುದಿನ ಬೆಳಗಾಗಿರುತ್ತಿತ್ತು. ಅಪ್ಪನಿಗೆ ಅದು ಭತ್ಯೆ ಕಡಿಮೆಯಿದ್ದ, ನಿದ್ದೆಗೆಡಿಸುವ ಸರಕಾರಿ ಕೆಲಸ. ಅದರಲ್ಲಿ ಯಾವ ವೀರತ್ವವನ್ನೂ ಅವರು ಕಾಣಲಿಲ್ಲ. ಇಂದಿಗೂ ಭಾರತದ ಮತಗಟ್ಟೆಯಲ್ಲಿ ಮತದಾನ ಮುಗಿದಾಗ ಎಷ್ಟು ಮತ ಚಲಾವಣೆಯಾಯಿತೆಂಬ ನಮೂನೆ 17ಸಿಯ ಪ್ರತಿಯನ್ನು ಹಾಜರಿರುವ ಪಕ್ಷಗಳ ಏಜೆಂಟರಿಗೆ ರುಜು ಮಾಡಿ ಕೊಡುತ್ತಾರೆ. ಎಣಿಕೆಯ ದಿನ ಆ ಅಂಕಿ ತಾಳೆಯಾಗಬೇಕು. ಮಿನ್ಸ್ಕ್‌ನ ಜನ ಕಿಟಕಿಯಾಚೆ ನಿಂತು, ಮೊಬೈಲಿನಲ್ಲಿ ಚಿತ್ರ ಹಿಡಿದು, ಸೆರೆಗೆ ಹೋಗಿ ಹುಡುಕಿದ್ದು ಇಂಥದೇ ಒಂದು ಹಾಳೆಯನ್ನು. ನಮ್ಮಲ್ಲಿ ಅದು ಇರುವುದರಿಂದ ಎಲ್ಲವೂ ಸರಿಯೆಂದು ನಾನು ಹೇಳುತ್ತಿಲ್ಲ. ಅದನ್ನು ಕೇಳಿ ಪಡೆದು, ಜೋಪಾನವಾಗಿಟ್ಟು, ತಾಳೆ ನೋಡುವವರು ಬೇಕು. ಹಾಳೆ ಕೇಳಿದವರನ್ನು ದ್ರೋಹಿಗಳೆಂದು ಕರೆಯದ ಸಮಾಜವೂ ಬೇಕು.

ನಾವಿರುವ ಈ ಬ್ರಿಟನ್ನಿನಲ್ಲಿ ಒಬ್ಬರ ಸಾವಿನ ಕಾರಣವನ್ನು ಚಿಕಿತ್ಸೆ ನೀಡಿದ ವೈದ್ಯರೊಬ್ಬರೇ ಬರೆದರೆ ಸಾಲದು. 2024ರ ಸೆಪ್ಟೆಂಬರಿನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, ಕರೋನರ್ ವಿಚಾರಣೆಗೆ ಹೋಗದ ಪ್ರತಿಯೊಂದು ಸಾವಿನ ಕಾರಣವನ್ನೂ ಚಿಕಿತ್ಸೆಗೆ ಸಂಬಂಧಪಡದ ಇನ್ನೊಬ್ಬ ವೈದ್ಯರು ಪರಿಶೀಲಿಸಲೇಬೇಕು. ಆರಂಭದಲ್ಲಿ ನಮ್ಮಲ್ಲಿ ಕೆಲವರಿಗೆ ಇದು ಅಪನಂಬಿಕೆಯೆಂದು ತೋರಿತು. ನನಗೆ ಹಾಗನ್ನಿಸಲಿಲ್ಲ. ಪ್ರಾಮಾಣಿಕನಾದವನು ಎರಡನೆಯ ಕಣ್ಣಿಗೆ ಹೆದರಬೇಕಾಗಿಲ್ಲ. ಅವನ ಪ್ರಾಮಾಣಿಕತೆಗೆ ಸಾಕ್ಷಿಯಾಗುವುದೂ ಅದೇ ಕಣ್ಣು.

ಆದುದರಿಂದ ಸದಸ್ಯ ಕುಟುಂಬಗಳಲ್ಲಿ ನನ್ನದು ಮೂರು ಕೋರಿಕೆ. ಭಾರತದ ಪೌರತ್ವವನ್ನು ಉಳಿಸಿಕೊಂಡು ಇಲ್ಲಿ ಸಕ್ರಮವಾಗಿ ನೆಲೆಸಿರುವ ವಯಸ್ಕರು, ಕಾಮನ್‌ವೆಲ್ತ್ ಪೌರರೆಂಬ ನೆಲೆಯಲ್ಲಿ, ಇಲ್ಲಿನ ಸಂಸತ್ ಚುನಾವಣೆಯಲ್ಲಿಯೂ ಸ್ಥಳೀಯ ಚುನಾವಣೆಯಲ್ಲಿಯೂ ಮತ ಹಾಕಬಹುದು. ಇದು ತಿಳಿಯದೆ ವರ್ಷಗಟ್ಟಲೆ ಸುಮ್ಮನಿರುವವರು ನಮ್ಮಲ್ಲಿ ಅನೇಕರು. ದಯವಿಟ್ಟು ಹೆಸರು ನೋಂದಾಯಿಸಿ. ಮತಗಟ್ಟೆಯಲ್ಲಿ ಗುರುತಿಗೆ ಭಾರತದ ಪಾಸ್‌ಪೋರ್ಟ್ ಸಾಕು. ಎರಡನೆಯದು: ಹದಿನಾರು ತುಂಬಿದ ಯಾರೇ ಆಗಲಿ ಇಲ್ಲಿನ ಚುನಾವಣಾ ಆಯೋಗಕ್ಕೆ ಅರ್ಜಿ ಸಲ್ಲಿಸಿ ಮಾನ್ಯತೆ ಪಡೆದ ವೀಕ್ಷಕರಾಗಬಹುದು. ಮತದಾನದ ವಯಸ್ಸಿಗೆ ಬರುತ್ತಿರುವ ನಿಮ್ಮ ಮಕ್ಕಳನ್ನು ಒಂದು ರಾತ್ರಿ ಮತ ಎಣಿಕೆ ನಡೆಯುವ ಸಭಾಂಗಣಕ್ಕೆ ಕಳಿಸಿ. ಮೇಜಿನ ಈಚೆ ನಿಂತು ಎಣಿಸುವ ಕೈಗಳನ್ನು ನೋಡುವ ಹಕ್ಕು ಎಂಥದೆಂದು ಅವರು ಕಣ್ಣಾರೆ ಕಾಣಲಿ.

ಮೂರನೆಯದು ತೀರ ಮನೆಯ ವಿಷಯ. ನಮ್ಮ ಸಂಘದ ಸರ್ವಸದಸ್ಯರ ಸಭೆಯಲ್ಲಿ ಲೆಕ್ಕಪತ್ರ ಓದುವಾಗ ಹಾಲ್ ಅರ್ಧ ಖಾಲಿಯಾಗುತ್ತದೆ. ಪದಾಧಿಕಾರಿಗಳ ಆಯ್ಕೆ ಚಪ್ಪಾಳೆಯಲ್ಲೇ ಮುಗಿಯುತ್ತದೆ. ಪದಾಧಿಕಾರಿಗಳೆಲ್ಲ ನಮಗೆ ಬೇಕಾದವರೇ, ಪ್ರಾಮಾಣಿಕರೇ. ಆದರೂ ಈ ಸಲ ಕುಳಿತು ಕೇಳೋಣ, ಒಂದೆರಡು ಪ್ರಶ್ನೆ ಕೇಳೋಣ. ಪ್ರಶ್ನೆ ಕೇಳುವುದು ಅಗೌರವವಲ್ಲವೆಂಬ ಅಭ್ಯಾಸ ಸಣ್ಣ ಸಭೆಗಳಲ್ಲಿ ಬೆಳೆದರೆ ಮಾತ್ರ ದೊಡ್ಡ ಸಭೆಗಳಲ್ಲಿ ಉಳಿಯುತ್ತದೆ.

— ಸಂಘದ ಆರೋಗ್ಯ ಶಿಬಿರದ ಸ್ವಯಂಸೇವಕ ವೈದ್ಯ, ಎಂ.ಬಿ.ಬಿ.ಎಸ್.